ತೆರೆಯ ಮೇಲಿನ ನರಾಚಿ, ನೆಲದ ಕೆಳಗಿನ ಕೆ.ಜಿ.ಎಫ್.



ಕಾಮಸಮುದ್ರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳನ್ನು ಬಿಟ್ಟು ದೂರದ ಊರುಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಅನೇಕರು 2018ರಿಂದೀಚೆಗೆ ಒಂದೇ ಪ್ರಶ್ನೆಯನ್ನು ಬಗೆಬಗೆಯಾಗಿ ನನ್ನ ಮುಂದಿಟ್ಟಿದ್ದೀರಿ. ಹೊರನಾಡಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿ, ನೀವು "ಕೆ.ಜಿ.ಎಫ್. ಹತ್ತಿರ" ಎಂದರೆ ಸಾಕು, "ಅಲ್ಲಿ ನಿಜವಾಗಿಯೂ ಹಾಗೆಲ್ಲ ನಡೆದಿತ್ತೇ?" ಎಂಬ ಮರುಪ್ರಶ್ನೆ ಬರುತ್ತದೆಯಂತೆ. ಅದಕ್ಕೇನು ಉತ್ತರ ಕೊಡಬೇಕು ಎಂಬುದು ನಿಮ್ಮ ಸಂದೇಹ. ಹೈಸ್ಕೂಲಿನಲ್ಲಿ ಮೂರು ದಶಕಗಳಷ್ಟು ಕಾಲ ಸಮಾಜ ವಿಜ್ಞಾನ ಬೋಧಿಸಿದವನಿಗೆ ಇದು ಉತ್ತರಿಸಲೇಬೇಕಾದ ಪ್ರಶ್ನೆ.

ಮೊದಲು ಚಿತ್ರದ ವಿಚಾರ. ಪ್ರಶಾಂತ್ ನೀಲ್ ನಿರ್ದೇಶಿಸಿ, ಯಶ್ ನಾಯಕರಾಗಿ ನಟಿಸಿದ 'ಕೆ.ಜಿ.ಎಫ್: ಚಾಪ್ಟರ್ 1' ತೆರೆಗೆ ಬಂದದ್ದು 2018ರ ಡಿಸೆಂಬರ್ 21ರಂದು, ಎರಡನೆಯ ಭಾಗ 2022ರ ಏಪ್ರಿಲ್ 14ರಂದು. ಮೊದಲ ಭಾಗಕ್ಕೆ ಸಾಹಸ ಸಂಯೋಜನೆ ಹಾಗೂ ವಿಶೇಷ ದೃಶ್ಯಪರಿಣಾಮಗಳಿಗಾಗಿ ರಾಷ್ಟ್ರ ಪ್ರಶಸ್ತಿಗಳು ಸಂದವು. ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. ಕನ್ನಡದ ಚಿತ್ರವೊಂದನ್ನು ಹಿಂದಿ, ತೆಲುಗು, ತಮಿಳು, ಮಲಯಾಳ ಭಾಷಿಕರು ಸರದಿಯಲ್ಲಿ ನಿಂತು ನೋಡಿದ್ದು ಹೆಮ್ಮೆಯ ಸಂಗತಿಯೇ. ತಾಯಿಗೆ ಕೊಟ್ಟ ಮಾತಿಗಾಗಿ ಮುಂಬಯಿಯ ಪಾತಕಲೋಕ ಸೇರಿದ ರಾಕಿ ಎಂಬ ಹುಡುಗ, ಒಬ್ಬನನ್ನು ಕೊಲ್ಲುವ ಕರಾರಿನ ಮೇಲೆ 'ನರಾಚಿ' ಎಂಬ ಗುಪ್ತ ಚಿನ್ನದ ಗಣಿಯನ್ನು ಹೊಕ್ಕು, ಅಲ್ಲಿ ಜೀತದಲ್ಲಿ ನರಳುವ ಸಾವಿರಾರು ಜನರಿಗೆ ದೊರೆಯಾಗುತ್ತಾನೆ. ಸ್ಥೂಲವಾಗಿ ಕಥೆ ಇಷ್ಟೇ.

ನಮ್ಮ ಸುತ್ತಿನ ಪ್ರೇಕ್ಷಕರಿಂದ ನಾನು ಕೇಳಿದ ಅಭಿಪ್ರಾಯಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು. "ಅದು ನಮ್ಮ ಊರೇ ಅಲ್ಲ, ಎಲ್ಲವೂ ಸುಳ್ಳು" ಎನ್ನುವವರು ಒಂದು ಕಡೆ. ಇವರಲ್ಲಿ ಹೆಚ್ಚಿನವರು ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. "ಸಿನಿಮಾ ಸಿನಿಮಾನೇ, ಅದರಲ್ಲಿ ಇತಿಹಾಸ ಯಾಕೆ ಹುಡುಕುತ್ತೀರಿ ಸಾರ್?" ಎನ್ನುವವರು ಇನ್ನೊಂದು ಕಡೆ, ಇವರು ಬಹುತೇಕ ನನ್ನ ಶಿಷ್ಯರ ವಯಸ್ಸಿನವರು. ಮೂರನೆಯವರ ಸಂಖ್ಯೆ ಕಡಿಮೆ. "ಹೆಸರು, ಇಸವಿ ಸುಳ್ಳಿರಬಹುದು, ಆದರೆ ಆ ಸಂಕಟ ಸುಳ್ಳಲ್ಲ" ಎಂಬುದು ಅವರ ವಾದ. ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

'ಎಲ್ಲವೂ ಸುಳ್ಳು' ಎನ್ನುವವರ ಬಳಿ ಬಲವಾದ ಆಧಾರಗಳಿವೆ. ಚಿತ್ರದಲ್ಲಿ ಚಿನ್ನ ಪತ್ತೆಯಾಗುವುದು 1951ರಲ್ಲಿ, ನಾಯಕ ಹುಟ್ಟುವುದೂ ಆಗಲೇ. ವಾಸ್ತವದಲ್ಲಿ ಮಾರಿಕುಪ್ಪಂ, ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಬ್ರಿಟಿಷ್ ಅಧಿಕಾರಿ ಜಾನ್ ವಾರನ್ 1802ರಲ್ಲೇ ಗಮನಿಸಿದ್ದನು. ಸೈನ್ಯದಿಂದ ನಿವೃತ್ತನಾದ ಐರಿಷ್ ಮೂಲದ ಲವೆಲ್ 1870ರ ದಶಕದಲ್ಲಿ ಮೈಸೂರು ಸರಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಕಾಲಿಟ್ಟಿತು. ಹಾಗೆಂದರೆ ಚಿತ್ರದಲ್ಲಿ ಚಿನ್ನ ಸಿಗುವ ವೇಳೆಗೆ ನಮ್ಮ ಗಣಿಗೆ ಎಪ್ಪತ್ತು ವರ್ಷ ದಾಟಿತ್ತು. ಚಾಂಪಿಯನ್ ರೀಫ್ ಗಣಿ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತ್ತು. ಕೊನೆಗೆ ಅದು ಮುಟ್ಟಿದ ಆಳ ಮೂರು ಸಾವಿರ ಮೀಟರುಗಳಿಗೂ ಹೆಚ್ಚು.

ನರಾಚಿಯ ಕಥೆ ನಿಂತಿರುವುದೇ ಗುಟ್ಟಿನ ಮೇಲೆ. ಸುಣ್ಣದ ಕಲ್ಲಿನ ಗಣಿಯೆಂದು ಹೇಳಿಕೊಂಡು ಒಳಗೆ ಚಿನ್ನ ಅಗೆಯುತ್ತಾರೆ. ಸರಕಾರಕ್ಕೆ ಸುಳಿವೇ ಇರುವುದಿಲ್ಲ. ನಮ್ಮ ಗಣಿಯಲ್ಲಿ ಗುಟ್ಟೆಂಬುದು ಏನಿತ್ತು? ಅದರ ಚಿನ್ನದ ಮೇಲಿನ ರಾಜಧನ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಮುಖ್ಯ ಆದಾಯವಾಗಿತ್ತು. ಆಗ ಬೌರಿಂಗ್‌ಪೇಟೆ ಎನಿಸಿದ್ದ ನಮ್ಮ ಬಂಗಾರಪೇಟೆಯಿಂದ ಗಣಿಗೆಂದೇ ರೈಲು ಹಳಿ ಹಾಕಿದರು. ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು, 1902ರ ಜೂನಿನಲ್ಲಿ ಗಣಿಗೆ ವಿದ್ಯುತ್ ಹರಿಸಿದರು. ಬೆಂಗಳೂರಿನ ಬೀದಿಗೆ ಆ ಬೆಳಕು ಬಂದದ್ದು 1905ರಲ್ಲಿ. ಚಿತ್ರದ ಗಣಿ ಕತ್ತಲೆಯಲ್ಲಿ ಅಡಗಿದ್ದರೆ, ನಮ್ಮದು ರಾಜಧಾನಿಗಿಂತ ಮೊದಲು ದೀಪ ಕಂಡ ಜಾಗ.

ಇನ್ನು ರಾಕಿ ನರಾಚಿಯನ್ನು ಆಳುವ ಕಾಲ 1970ರ ದಶಕದ ಕೊನೆಯಿಂದ 1981ರವರೆಗಿನದು. ಆ ಹೊತ್ತಿಗೆ ಇಲ್ಲಿ ಯಾವ ಖಾಸಗಿ ದೊರೆಯೂ ಇರಲಿಲ್ಲ. 1956ರ ನವೆಂಬರಿನಲ್ಲಿ ಗಣಿಗಳು ಮೈಸೂರು ರಾಜ್ಯ ಸರಕಾರದ ವಶವಾದವು, 1962ರಲ್ಲಿ ಕೇಂದ್ರಕ್ಕೆ ವರ್ಗವಾದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರಕಾರಿ ಉದ್ದಿಮೆ ಸ್ಥಾಪನೆಯಾಯಿತು. ಬಿ.ಇ.ಎಂ.ಎಲ್. ಕಾರ್ಖಾನೆ 1964ರಲ್ಲೇ ಪಕ್ಕದಲ್ಲಿ ಬಂದಿತ್ತು. ಗಣಿಯ ಆಳದಲ್ಲಿ ವಿಜ್ಞಾನಿಗಳು ನಡೆಸಿದ ಪ್ರಯೋಗಗಳಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳು ಪತ್ತೆಯಾಗಿ ಊರಿನ ಹೆಸರು ಭೌತವಿಜ್ಞಾನದ ಪುಸ್ತಕಗಳನ್ನು ಸೇರಿತ್ತು. ಇಂಥ ಊರನ್ನು ಬಂದೂಕುಧಾರಿಗಳ ಕೋಟೆಯಾಗಿ ಕಂಡಾಗ ಹಿರಿಯರಿಗೆ ನೋವಾದದ್ದು ಸಹಜ. ಲೈನಿನ ಮನೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಕಾರ್ಮಿಕರೊಬ್ಬರು ನನಗೆ ಹೇಳಿದ ಮಾತು ಇದು: "ಮೇಷ್ಟ್ರೇ, ನಮ್ಮನ್ನು ಯಾರೂ ಚಾವಟಿ ಬೀಸಿ ಕೆಳಕ್ಕೆ ಇಳಿಸಲಿಲ್ಲ. ಮನೆಯಲ್ಲಿ ಏಳು ಜನ ಉಣ್ಣಬೇಕಿತ್ತು, ಇಳಿದೆವು."

ಎರಡನೆಯ ಗುಂಪಿನ ಮಾತನ್ನೂ ತಳ್ಳಿಹಾಕುವಂತಿಲ್ಲ. ಚಿತ್ರದವರು ಆರಂಭದಲ್ಲೇ ಇದು ಕಲ್ಪಿತ ಕಥೆ ಎಂದು ಹೇಳಿದ್ದಾರೆ. ಪಾತಕಲೋಕದ ಚಿತ್ರಗಳಿಗೆ ಒಂದು ಪರಂಪರೆಯೇ ಇದೆ. ಹಾಲಿವುಡ್ಡಿನ 'ಗಾಡ್‌ಫಾದರ್' 1972ರದ್ದು, ಹಿಂದಿಯ 'ದೀವಾರ್' 1975ರದ್ದು, ತಮಿಳಿನ 'ನಾಯಗನ್' 1987ರದ್ದು. ನಮ್ಮ ಕನ್ನಡದಲ್ಲೇ 1995ರಲ್ಲಿ ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ 'ಓಂ' ಮತ್ತೆ ಮತ್ತೆ ತೆರೆಕಂಡು ದಾಖಲೆ ಬರೆಯಿತು. 2007ರಲ್ಲಿ ಬಂದ 'ಆ ದಿನಗಳು' ಚಿತ್ರ ಬೆಂಗಳೂರಿನ ಭೂಗತ ಲೋಕವನ್ನು ಒಳಗಿನಿಂದ ಬಲ್ಲ ಅಗ್ನಿ ಶ್ರೀಧರರ ಬರವಣಿಗೆಯನ್ನು ಆಧರಿಸಿತ್ತು. ತಾಯಿಯ ಸಂಕಟ, ಹಸಿದ ಬಾಲ್ಯ, ಕಾನೂನಿನ ಆಚೆ ನಿಂತು ಬಡವರಿಗೆ ಆಸರೆಯಾಗುವ ಒಬ್ಬ ಒಂಟಿ ಮನುಷ್ಯ – ಇವೆಲ್ಲ ಈ ಜಾತಿಯ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಸಾಮಗ್ರಿಗಳು. ಪ್ರೇಕ್ಷಕ ಮೂರು ಗಂಟೆ ಮೈಮರೆತು ಸಿಳ್ಳೆ ಹಾಕಿ ಬಂದರೆ ತಪ್ಪೇನು? ಏನೂ ಇಲ್ಲ.

ಆದರೆ ಒಂದು ಭೇದವಿದೆ. ಬೆಂಗಳೂರಿನ ಬಗ್ಗೆ ನೂರಾರು ಪುಸ್ತಕಗಳೂ ಚಿತ್ರಗಳೂ ಇವೆ. 'ಓಂ' ನೋಡಿದವನು ಬೆಂಗಳೂರೆಂದರೆ ರೌಡಿಗಳ ಊರು ಎಂದು ತೀರ್ಮಾನಿಸುವುದಿಲ್ಲ, ಏಕೆಂದರೆ ಅವನಿಗೆ ಬೇರೆ ಬೆಂಗಳೂರೂ ಗೊತ್ತು. ನಮ್ಮ ಕೆ.ಜಿ.ಎಫ್. ಬಗ್ಗೆ ಹೊರಗಿನವನಿಗೆ ಗೊತ್ತಿರುವುದು ಈ ಎರಡು ಭಾಗಗಳಷ್ಟೇ. ಎರಡು ಸಾಲಿನ ಸೂಚನೆ ತೆರೆಯಿಂದ ಕ್ಷಣದಲ್ಲಿ ಮಾಯವಾಗುತ್ತದೆ. ಮೂರಕ್ಷರದ ಆ ಹೆಸರು ಉಳಿಯುತ್ತದೆ. ಆದ್ದರಿಂದ "ಸಿನಿಮಾನೇ ತಾನೇ" ಎಂಬ ಮಾತು ಚಿತ್ರ ಮಾಡಿದವರಿಗೆ ಸಾಕು, ಊರಿನವರಿಗೆ ಸಾಲದು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. 'ಕೆ.ಜಿ.ಎಫ್.ನಲ್ಲಿ ನಿಜವಾದ ರೌಡಿ ಇರಲಿಲ್ಲವೇ?' ಎಂದು ಕೆಲವರು ಕೇಳುತ್ತಾರೆ. ಇದ್ದ. 1990ರ ದಶಕದಲ್ಲಿ ತಂಗಂ ಎಂಬಾತನ ಹೆಸರು ಈ ಸೀಮೆಯಲ್ಲೆಲ್ಲ ಓಡಾಡುತ್ತಿತ್ತು. 1997ರ ಡಿಸೆಂಬರಿನಲ್ಲಿ ಅವನು ಪೊಲೀಸರ ಗುಂಡಿಗೆ ಬಲಿಯಾದ. ಮೊದಲ ಭಾಗ ಬಿಡುಗಡೆಯಾಗುವ ಹೊತ್ತಿಗೆ, ಇದು ಅವನ ಜೀವನದ ಕಥೆಯೆಂದು ಆಕ್ಷೇಪಿಸಿ ಒಬ್ಬರು ಬೆಂಗಳೂರಿನ ನ್ಯಾಯಾಲಯಕ್ಕೆ ಹೋದರು, ತಡೆಯಾಜ್ಞೆಯೂ ಸಿಕ್ಕಿತ್ತು. ಚಿತ್ರತಂಡ ಅದನ್ನು ನಿರಾಕರಿಸಿತು. ಚಿತ್ರ ನಿಗದಿಯಾದ ದಿನವೇ ಬಂತು. ತಂಗಂ ಬಡವರಿಗೆ ಕೊಟ್ಟನೆಂದು ಹೇಳುವವರು ಇದ್ದಾರೆ, ಅವನ ಹೆಸರು ಕೇಳಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದವರೂ ಇದ್ದಾರೆ. ಅವನ ಕಾಲವನ್ನು ನೋಡಿ. ಗಣಿ ನಷ್ಟದಲ್ಲಿತ್ತು, ಮುಚ್ಚುವ ಮಾತು ದಿನವೂ ಕೇಳಿಬರುತ್ತಿತ್ತು, ಅಪ್ಪನ ಕೆಲಸ ಮಗನಿಗೆ ಸಿಗುವ ನಂಬಿಕೆ ಹೋಗಿತ್ತು. ತೆರೆಯ ರಾಕಿ ಚಿನ್ನದ ಉಬ್ಬರದಲ್ಲಿ ಮೆರೆಯುತ್ತಾನೆ. ನಮ್ಮ ಊರಿನ ರೌಡಿ ಬಂದದ್ದು ಚಿನ್ನ ಮುಗಿಯುತ್ತಿದ್ದ ಕಾಲಕ್ಕೆ.

ಈಗ ಮೂರನೆಯ ಅಭಿಪ್ರಾಯ. ಇಸವಿಗಳು ಸುಳ್ಳಾದರೂ ಸಂಕಟ ನಿಜ ಎನ್ನುವವರ ಮಾತಿನಲ್ಲಿ ಹುರುಳಿದೆ, ಆದರೆ ಸಂಕಟದ ಸ್ವರೂಪ ಬೇರೆ. ಗಣಿಯ ಕೆಳಗೆ ದುಡಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲ ಹಾಗೂ ಜಾತಿಯ ಕಾಟ ತಾಳದೆ ಬಂದ ದಲಿತ ಕುಟುಂಬಗಳು. ಉತ್ಕರ್ಷದ ಕಾಲದಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು ಮೂವತ್ತು ಸಾವಿರ. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ, ಇಟಲಿಯಿಂದ ಬಂದವರು; ಕಾವಲಿಗೆ ಪಂಜಾಬಿನವರು. ಬಿಳಿಯರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಯವರಿಗೆ ಲೈನುಗಳಲ್ಲಿ ಬಿದಿರಿನ ತಟ್ಟಿಯ ಗುಡಿಸಲು.

ಆ ಗುಡಿಸಲಿನವರನ್ನು ಹಿಡಿದಿಟ್ಟದ್ದು ಕಾನೂನು ಮತ್ತು ದಾಖಲೆಪುಸ್ತಕ. 1890ರ ದಶಕದಿಂದಲೇ ಮೈಸೂರು ಸರಕಾರ ಗಣಿಗೆಂದು ಪ್ರತ್ಯೇಕ ನಿಬಂಧನೆಗಳನ್ನು ಮಾಡಿತು. ಲೆಕ್ಕ ಕೊಡಲಾಗದ ಅದಿರಿನ ಚೂರು ಬಳಿಯಲ್ಲಿ ಸಿಕ್ಕರೂ ಅಪರಾಧ. ಪಾಳಿ ಮುಗಿಸಿ ಮೇಲೆ ಬಂದವರ ಮೈ ತಡಕುವುದು ನಿತ್ಯದ ಪದ್ಧತಿ. ಕೋಲಾರ ಜಿಲ್ಲೆಯೊಳಗೇ ಇದ್ದರೂ ಕೆ.ಜಿ.ಎಫ್. ಒಂದು ಪ್ರತ್ಯೇಕ ಪೊಲೀಸ್ ಜಿಲ್ಲೆ, ಅದಕ್ಕೆ ತನ್ನದೇ ಸೂಪರಿಂಟೆಂಡೆಂಟ್. ಹೊರಗಿನವರು ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಚಿನ್ನದ ಕಾವಲಿನ ಇತಿಹಾಸ ಬಲ್ಲವರಿಗೆ ಆಶ್ಚರ್ಯವಿಲ್ಲ.

ಇನ್ನು ಸಾವಿನ ವಿಚಾರ. ನರಾಚಿಯಲ್ಲಿ ಜನ ಸಾಯುವುದು ಗುಂಡಿನಿಂದ. ಇಲ್ಲಿ ಬಂಡೆ ಒತ್ತಡ ತಾಳದೆ ಸಿಡಿದು ಸತ್ತರು. ಉಳಿದವರು ಕಲ್ಲಿನ ಧೂಳು ಕುಡಿದು ಸತ್ತರು. 1940ರಿಂದ 1946ರವರೆಗೆ ವೈದ್ಯರು ಇಲ್ಲಿಯ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ 3,402 ಮಂದಿಯಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕಂಡುಬಂತು. ನೂರಕ್ಕೆ ನಲವತ್ತಕ್ಕಿಂತ ಹೆಚ್ಚು! ಅದಕ್ಕೆ ಮದ್ದಿಲ್ಲ. ನನ್ನ ತರಗತಿಯಲ್ಲಿ "ಸಾರ್, ತಾತ ರಾತ್ರಿಯೆಲ್ಲ ಕೆಮ್ಮುತ್ತಾರೆ, ಓದಲಾಗಲಿಲ್ಲ" ಎಂದು ಹೇಳಿದ ಮಕ್ಕಳಿದ್ದರು. ಆ ಕೆಮ್ಮನ್ನು ಯಾವ ನಿರ್ದೇಶಕನೂ ತೆರೆಗೆ ತಂದಿಲ್ಲ. ನಿಧಾನವಾದ ಸಾವಿಗೆ ಹಿನ್ನೆಲೆ ಸಂಗೀತ ಕೊಡುವುದು ಕಷ್ಟ.

ಇಷ್ಟಾದರೂ ಚಿತ್ರದ ಬಗ್ಗೆ ನನ್ನ ಮುಖ್ಯ ತಕರಾರು ಇಸವಿಯದಲ್ಲ, ರಕ್ತಪಾತದ್ದೂ ಅಲ್ಲ. ನರಾಚಿಯ ಜನ ತಮ್ಮ ಕೈಯಿಂದ ಏನನ್ನೂ ಮಾಡುವುದಿಲ್ಲ. ಅವರು ದೇವಿಗೆ ಹರಕೆ ಹೊರುತ್ತಾರೆ, ಕಾಯುತ್ತಾರೆ, ಹೊರಗಿನಿಂದ ಒಬ್ಬ ಬಂದ ಮೇಲೆ ಅವನಿಗೆ ಜೈಕಾರ ಹಾಕುತ್ತಾರೆ. ಅವನು ಅವರನ್ನು ಬಿಡಿಸಿ ತಾನೇ ಒಡೆಯನಾಗುತ್ತಾನೆ. ಅವರು ಅಗೆಯುತ್ತಲೇ ಇರುತ್ತಾರೆ. ನಮ್ಮ ಕೆ.ಜಿ.ಎಫ್.ನ ಚರಿತ್ರೆ ಇದಕ್ಕೆ ತದ್ವಿರುದ್ಧ.

1930ರಲ್ಲಿ ಕಂಪೆನಿಗಳು ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟವು. ಬೆರಳಚ್ಚು ತೆಗೆಯುವುದು ಕಳ್ಳರದ್ದು ತಾನೇ? ಕಾರ್ಮಿಕರು ಒಪ್ಪಲಿಲ್ಲ. ಆಗ ಗಣಿಯಲ್ಲಿ ಮಾನ್ಯತೆ ಪಡೆದ ಸಂಘವಿರಲಿಲ್ಲ, ಹೆಸರಾಂತ ನಾಯಕನಿರಲಿಲ್ಲ. ಆದರೂ ಸಾವಿರಾರು ಜನ ಸುಮಾರು ಮೂರು ವಾರ ಕೆಲಸಕ್ಕೆ ಇಳಿಯಲಿಲ್ಲ. ಗಂಜಿಗೆ ಗತಿಯಿಲ್ಲದವರು ಮರ್ಯಾದೆಗಾಗಿ ನಿಂತ ಮುಷ್ಕರ ಅದು. 1940ರ ದಶಕದಲ್ಲಿ ಸಂಘಗಳು ಕಟ್ಟಲ್ಪಟ್ಟವು; ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದವರು ಮುಂದಾಳುಗಳಾದರು. 1946ರ ನವೆಂಬರ್ 4ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಆರು ಮಂದಿ ಕಾರ್ಮಿಕರು ಪ್ರಾಣ ತೆತ್ತರು. ಸ್ವಾತಂತ್ರ್ಯಕ್ಕೆ ಒಂಬತ್ತು ತಿಂಗಳು ಮುಂಚಿನ ಮಾತಿದು. ನಮ್ಮ ರಾಜ್ಯದ ಪಠ್ಯದಲ್ಲಿ ವಿದುರಾಶ್ವತ್ಥವನ್ನು ಬೋಧಿಸುತ್ತಿದ್ದಾಗಲೆಲ್ಲ ಈ ಆರು ಮಂದಿಯನ್ನೂ ಸೇರಿಸಿ ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಹೋರಾಟವಷ್ಟೇ ಅಲ್ಲ, ಓದೂ ಇತ್ತು. ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಬೇರುಬಿಟ್ಟಿತು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಅಚ್ಚುಕೂಟದಿಂದ ತಮಿಳು ಪುಸ್ತಕಗಳು ಹೊರಬಂದವು. 'ತಮಿಳನ್' ಪತ್ರಿಕೆ ಕೆಲಕಾಲ ಇಲ್ಲಿಂದಲೇ ಪ್ರಕಟವಾಯಿತು. 1954ರಲ್ಲಿ ಡಾ. ಅಂಬೇಡ್ಕರ್ ಕೆ.ಜಿ.ಎಫ್.ಗೆ ಬಂದಿದ್ದರು. ಹಗಲು ಬಂಡೆ ಒಡೆದು ಸಂಜೆ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ಜನರನ್ನು, ಉದ್ಧಾರಕನಿಗಾಗಿ ಕಾಯುವ ಮೂಕರಂತೆ ತೋರಿಸುವುದು ಅವರಿಗೆ ಮಾಡುವ ದೊಡ್ಡ ಅನ್ಯಾಯ. ಚಾವಟಿಯ ಸುಳ್ಳಿಗಿಂತ ಈ ಸುಳ್ಳು ದೊಡ್ಡದು.

2024ರ ಆಗಸ್ಟ್ 15ರಂದು ತೆರೆಕಂಡ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅದರಲ್ಲೂ ಮಾಯಮಂತ್ರ, ಅತಿಶಯಗಳಿವೆ, ನೋಡಿದವರೆಲ್ಲ ಮೆಚ್ಚಲಿಲ್ಲ. ಆದರೆ ಆರ್ಕಾಟಿನ ಹಳ್ಳಿಯಿಂದ ಭೂಮಿ ಕಳೆದುಕೊಂಡು ಚಿನ್ನ ಹುಡುಕಿ ಹೊರಟ ಕುಟುಂಬವನ್ನೇ ಅದು ಕಥೆಯ ನಡುವೆ ನಿಲ್ಲಿಸಿತು. "ನಮ್ಮ ಮುತ್ತಾತ ಬಂದ ದಾರಿ ಇದೇ" ಎಂದು ಆಂಡರ್ಸನ್‌ಪೇಟೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಹೇಳಿದ. ರಾಕಿಯನ್ನು ನೋಡಿ ಸಿಳ್ಳೆ ಹಾಕಿದವನೂ ಅವನೇ! ಒಂದೇ ಪ್ರೇಕ್ಷಕನಲ್ಲಿ ಎರಡೂ ಇರಬಹುದು, ಇರಲಿ.

ಈಗ ಊರು ಹೇಗಿದೆಯೆಂಬುದನ್ನು ನೀವು ಬಲ್ಲಿರಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಒಮ್ಮೆಲೇ ಕೆಲಸ ಕಳೆದುಕೊಂಡರು. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಮೂರು ಕೋಟಿ ಟನ್ನಿಗೂ ಮಿಕ್ಕ ಸೈನೈಡ್ ಮಣ್ಣಿನ ಗುಡ್ಡಗಳು. ಚಿತ್ರದ ಕೆಲವು ದೃಶ್ಯಗಳನ್ನು ಈ ಗುಡ್ಡಗಳ ಮೇಲೆಯೇ ತೆಗೆದರು. ಈಗ ಪ್ರವಾಸಿಗಳು ಬಂದು 'ರಾಕಿಯ ಜಾಗ ಎಲ್ಲಿ' ಎಂದು ಕೇಳುತ್ತಾರೆ. ಬೇಸಗೆಯ ಗಾಳಿಗೆ ಆ ಬಿಳಿ ಧೂಳು ಎದ್ದು ಲೈನುಗಳ ಅಡುಗೆಮನೆ ಹೊಕ್ಕುವುದು ಅವರ ಚಿತ್ರಗಳಲ್ಲಿ ಕಾಣುವುದಿಲ್ಲ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಳಕು ಹರಿಯುವ ಮುನ್ನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ.

ಆದ್ದರಿಂದ ಮಕ್ಕಳೇ, ಹೊರನಾಡಿನಲ್ಲಿ ಯಾರಾದರೂ ಕೇಳಿದರೆ ಕೋಪಿಸಿಕೊಳ್ಳಬೇಡಿ. ಚಿತ್ರ ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ. ಆಮೇಲೆ ಎರಡು ಮಾತು ಸೇರಿಸಿ: ಅಲ್ಲಿ ರಾಕಿ ಇರಲಿಲ್ಲ, ಬೆರಳಚ್ಚು ಕೊಡಲೊಲ್ಲದೆ ಮೂರು ವಾರ ಉಪವಾಸ ಬಿದ್ದವರು ಇದ್ದರು, ನರಾಚಿ ಇರಲಿಲ್ಲ, ಪರೀಕ್ಷಿಸಿದ 7,653 ಮಂದಿಯಲ್ಲಿ 3,402 ಮಂದಿಯ ಎದೆಯಲ್ಲಿ ಕಲ್ಲು ಕೂತಿತ್ತು. ಕೇಳಿದವರಿಗೆ ಆಸಕ್ತಿಯಿದ್ದರೆ ಉಳಿದದ್ದನ್ನು ಹೇಳಿ.

ಕೊನೆಯದಾಗಿ ಒಂದು ಕೋರಿಕೆ. ಗಣಿಯ ಕೆಳಗೆ ಇಳಿದವರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ, ಆದರೆ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತು, ಯಾವ ಶಾಫ್ಟು, ಎಷ್ಟು ಅಡಿ ಆಳ, ಜೊತೆಗಾರರು ಯಾರು, ದಿನಗೂಲಿ ಎಷ್ಟು ಎಂದು ಕೇಳಿ ಬರೆದಿಡಿ. ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲೇ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆಯಿರಿ, ತಿದ್ದಬೇಡಿ. ಬರೆದದ್ದನ್ನು ನನಗೂ ಒಂದು ಪ್ರತಿ ಕಳುಹಿಸಿ. ಕಣ್ಣು ಮೊದಲಿನಂತಿಲ್ಲ, ಅಕ್ಷರ ಸ್ವಲ್ಪ ದಪ್ಪಗಿರಲಿ.